ಹಿನ್ನಿನ ಆರನೇ ಒಂದು ಭಾಗ ಅಂದರೆ ಎಷ್ಟು ಮಿಲಿ?

ನಾನು ಕುಂದಾಪುರದವಳು. ಜೆರುಸಲೇಮಿನ ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಅವರು ದಿನಕ್ಕೆ ಎಷ್ಟು ನೀರು ಕುಡಿದರು ಅಂತ ಮಿಲಿ ಲೆಕ್ಕದಲ್ಲಿ ಬರೆದಿಡುವುದೂ ನನ್ನ ಕೆಲಸ. ಒಂದು ರಾತ್ರಿ ಕನ್ನಡ ಬೈಬಲ್ ಓದುತ್ತಿದ್ದಾಗ ಯೆಹೆಜ್ಕೇಲ 4:11 ಬಂತು. ಮುತ್ತಿಗೆಯ ಕಷ್ಟವನ್ನು ತೋರಿಸಲು ಪ್ರವಾದಿ ದಿನಕ್ಕೆ ಹಿನ್ ಅನ್ನುವ ಆ ಕಾಲದ ಅಳತೆಯ ಆರನೇ ಒಂದು ಭಾಗ ನೀರು ಮಾತ್ರ ಕುಡಿಯಬೇಕು. ಇದನ್ನು ನನ್ನ ಚಾರ್ಟಿನಲ್ಲಿ ಬರೆಯುವುದಾದರೆ ಎಷ್ಟಂತ ಬರೆಯಲಿ? ಆ ಪ್ರಶ್ನೆಯಿಂದಲೇ ಈ ಲೆಕ್ಕ ಕಲಿತೆ.

ಮೊದಲು ಲೀಟರನ್ನು ಪಕ್ಕಕ್ಕಿಡಿ. ನಾಲ್ಕು, ಮೂರು, ಆರು, ಹತ್ತು. ಇಷ್ಟು ಬಾಯಿಪಾಠ ಮಾಡಿ. 4 ಲೋಗ್ ಸೇರಿದರೆ 1 ಕಬ್. 3 ಕಬ್‌ಗೆ 1 ಹಿನ್. 6 ಹಿನ್‌ಗೆ 1 ಬತ್. 10 ಬತ್‌ಗೆ 1 ಕೋರ್. ಕೊನೆಯದು ಯೆಹೆಜ್ಕೇಲ 45:14ರಲ್ಲೇ ಇದೆ. ಹಿನ್‌ಗೆ 12 ಲೋಗ್ ಅನ್ನುವುದು ಯೆಹೂದಿ ಗುರುಗಳು ಉಳಿಸಿಕೊಂಡು ಬಂದ ಲೆಕ್ಕ.

ಇನ್ನು ಯಾವ ಅಳತೆ ಎದುರಾದರೂ ಮೊದಲು ಲೋಗ್‌ಗೆ ಇಳಿಸಿ. ಹಿನ್ ಇದ್ದರೆ 12ರಿಂದ ಗುಣಿಸಿ, ಬತ್ ಇದ್ದರೆ 72ರಿಂದ, ಕೋರ್ ಇದ್ದರೆ 720ರಿಂದ. ಬೈಬಲಿನ ಅರಣ್ಯಕಾಂಡ 15ರಲ್ಲಿ ಬಲಿ ಕೊಡುವ ಕುರಿಮರಿಯ ಜೊತೆ ಕಾಲು ಹಿನ್ ಎಣ್ಣೆ, ಟಗರಿನ ಜೊತೆ ಮೂರನೇ ಒಂದು, ಹೋರಿಯ ಜೊತೆ ಅರ್ಧ. ದ್ರಾಕ್ಷಾರಸವೂ ಅಷ್ಟಷ್ಟೇ. ಲೋಗ್‌ಗೆ ಇಳಿಸಿ ನೋಡಿ: 3, 4, 6. ಎಲ್ಲೂ ಚೂರು ಉಳಿಯುವುದಿಲ್ಲ. 12 ಎಷ್ಟು ಒಳ್ಳೆಯ ಸಂಖ್ಯೆ ಅಂತ ನನಗೆ ಗೊತ್ತಾಗಿದ್ದು ಇಲ್ಲೇ. ಇದೇ ಹತ್ತು ಇದ್ದಿದ್ದರೆ ಟಗರಿನ ಎಣ್ಣೆ ಅಳೆಯುವುದು ಕಷ್ಟವಾಗುತ್ತಿತ್ತು, ಅಲ್ವಾ?

ಹಾಗಾದರೆ ನನ್ನ ಪ್ರಶ್ನೆಯ ನೀರು 12ರ ಆರನೇ ಒಂದು ಭಾಗ, 2 ಲೋಗ್. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ.

ತಕರಾರು ಶುರುವಾಗುವುದು ಲೀಟರಿಗೆ ಬಂದಾಗ. ಲಾಕೀಷ್ ಮತ್ತು ತೆಲ್ ಬೇತ್ ಮಿರ್ಸಿಮ್ ಅನ್ನುವ ಹಳೆಯ ಊರುಗಳ ಅವಶೇಷದಲ್ಲಿ 'ಬತ್' ಅಂತ ಬರೆದ ಜಾಡಿಯ ಚೂರುಗಳು ಸಿಕ್ಕಿವೆ. ಅವುಗಳಿಂದ ಲೆಕ್ಕ ಹಾಕಿದ ವಿದ್ವಾಂಸರು ಒಂದು ಬತ್ ಸುಮಾರು 22 ಲೀಟರ್ ಅಂದರು. ಆಗ ಲೋಗ್ ಸುಮಾರು 305 ಮಿಲಿ, ಹಿನ್ ಮೂರೂಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ, ಕೋರ್ 220 ಲೀಟರ್. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಬೇರೆಯದೇ ಅಳತೆಗೆ ಹೋಲಿಸುತ್ತಾನೆ. ಅವನ ಪ್ರಕಾರ ಬತ್ ಸುಮಾರು 39 ಲೀಟರ್ ಆಗುತ್ತದೆ.

ಮೂರನೆಯದು ನಮ್ಮ ಅಜ್ಜಿಯ ಅಡುಗೆಮನೆಯಲ್ಲೇ ಇದೆ. ಶುಕ್ರವಾರ ಸಂಜೆ ಕಿದ್ದುಶ್ ಪ್ರಾರ್ಥನೆಯ ಬಟ್ಟಲಿನಲ್ಲಿ ಕನಿಷ್ಠ ಒಂದು ರೆವಿಯಿತ್ ದ್ರಾಕ್ಷಾರಸ ಇರಬೇಕು. ರೆವಿಯಿತ್ ಅಂದರೆ ಕಾಲು ಭಾಗ, ಅಂದರೆ ಕಾಲು ಲೋಗ್. ನಾಲ್ಕು ಪಾವಿಗೆ ಒಂದು ಸೇರು ಅಂತ ಕಲಿತ ನನಗೆ ಇದು ತಕ್ಷಣ ಮನಸ್ಸಿಗೆ ಹತ್ತಿತು. ಒಂದು ರೆವಿಯಿತ್ ಒಂದೂವರೆ ಮೊಟ್ಟೆಯ ಗಾತ್ರ. ತುಂಬಿದ ಲೋಟಕ್ಕೆ ಮೊಟ್ಟೆ ಬಿಟ್ಟು ಚೆಲ್ಲಿದ ನೀರನ್ನು ಅಳೆದರೆ ಗೊತ್ತಾಗುತ್ತದೆ. ಆದರೆ 18ನೇ ಶತಮಾನದಲ್ಲಿ ಪ್ರಾಗ್‌ನ ರಬ್ಬಿ ಯೆಹೆಜ್ಕೇಲ್ ಲಾಂಡೌ ಈಗಿನ ಮೊಟ್ಟೆಗಳು ಹಿಂದಿನದಕ್ಕಿಂತ ಅರ್ಧಕ್ಕೆ ಸಣ್ಣದಾಗಿವೆ ಅಂದರು. ಅದಕ್ಕೇ ಈಗಲೂ ಎರಡು ಲೆಕ್ಕ ಇವೆ. ಒಂದು ರೆವಿಯಿತ್ ರಬ್ಬಿ ಹಾಯಿಮ್ ನಾಎ ಅವರ ಪ್ರಕಾರ 86 ಮಿಲಿ, ಹಜೋನ್ ಈಶ್ ಅನ್ನುವ ಇನ್ನೊಬ್ಬ ರಬ್ಬಿಯ ಪ್ರಕಾರ ಸುಮಾರು 150. ನಮ್ಮ ಮನೆಯ ಬೆಳ್ಳಿ ಬಟ್ಟಲನ್ನು ಅಜ್ಜಿಯ ಒಪ್ಪಿಗೆ ಕೇಳಿ ಅಳೆದೆ. 90 ಮಿಲಿ ಹಿಡಿಯಿತು.

ಈಗ ಯೆಹೆಜ್ಕೇಲನ ನೀರು, 2 ಲೋಗ್, ಅಂದರೆ 8 ರೆವಿಯಿತ್: 22 ಲೀಟರಿನ ಬತ್ ಹಿಡಿದರೆ 611 ಮಿಲಿ, ನಾಎ ಲೆಕ್ಕದಲ್ಲಿ 688, ಹಜೋನ್ ಈಶ್ ಲೆಕ್ಕದಲ್ಲಿ 1200. ಹಳೆಯ ಒಡಂಬಡಿಕೆ ಓದುವಾಗ ನಾನು 22 ಹಿಡಿಯುತ್ತೇನೆ, ಆ ಕಾಲದ ಜಾಡಿಗೇ ಅದು ಹತ್ತಿರ. ಕಿದ್ದುಶ್ ಬಟ್ಟಲಿಗೆ ಮನೆಯವರು ಯಾವ ರಬ್ಬಿಯನ್ನು ಅನುಸರಿಸುತ್ತಾರೋ ಅದೇ ಸರಿ. ಯಾವುದೇ ಹಿಡಿಯಿರಿ, ಉತ್ತರದ ಪಕ್ಕದಲ್ಲಿ ಬರೆದಿಡಿ. ಒಂದೇ ಲೆಕ್ಕದಲ್ಲಿ ಎರಡನ್ನು ಬೆರೆಸಬೇಡಿ.

ಒಣ ಅಳತೆಯಲ್ಲಿ ಒಂದು ಎಚ್ಚರಿಕೆ. ಏಫಾ ಅಂದರೆ ಬತ್‌ನಷ್ಟೇ, ಆದರೆ ಹಿಟ್ಟು, ಕಾಳಿಗೆ. ಹೋಮೆರ್ ಅಂದರೆ 10 ಏಫಾ. ಓಮೆರ್ ಅಂದರೆ ಏಫಾದ ಹತ್ತನೇ ಒಂದು ಭಾಗ. ನಮ್ಮಲ್ಲಿ ತುಂಬ ಜನ 'ಹಾಲು' ಅನ್ನುವುದನ್ನು 'ಆಲು' ಅಂತಾರೆ. ಇಲ್ಲಿ ಆ ಒಂದು 'ಹ' ಬಿಟ್ಟುಹೋದರೆ ಉತ್ತರ ನೂರು ಪಟ್ಟು ತಪ್ಪುತ್ತದೆ. ಹೀಬ್ರೂ ಲಿಪಿಯಲ್ಲಿ ಅವು ಶುರುವಾಗುವ ಅಕ್ಷರವೇ ಬೇರೆ, ಒಂದಕ್ಕೆ ಹೆತ್, ಇನ್ನೊಂದಕ್ಕೆ ಆಯಿನ್.

ಮೊನ್ನೆ ಅಜ್ಜಿಗೆ ಜ್ವರ ಇತ್ತು. ರಾತ್ರಿ ಚಾರ್ಟ್ ಕೂಡಿಸಿದರೆ ಇಡೀ ದಿನಕ್ಕೆ 600 ಮಿಲಿ. ಎರಡು ಲೋಗ್. ಎಬ್ಬಿಸಿ ಇನ್ನೂ ಅರ್ಧ ಲೋಟ ಕುಡಿಸಿದೆ.