62 ಎಂಎಂ ಬಿಟ್ಟು 58ಕ್ಕೇ ವಾಪಸ್: ಆರ್‌ಎಕ್ಸ್ 135 ಡ್ರ್ಯಾಗ್ ಬೈಕಿಗೆ ಬ್ಲಾಕ್ ಆರಿಸಿದ ಅನುಭವ

ಕಳೆದ ಡಿಸೆಂಬರಿನ ಡ್ರ್ಯಾಗ್ ರೇಸಿನಲ್ಲಿ, ಅಂದರೆ ನೇರ ದಾರಿಯ ಚಿಕ್ಕ ಓಟದಲ್ಲಿ, ನನ್ನ ಯಮಹಾ ಆರ್‌ಎಕ್ಸ್ 135 ಟೂ ಸ್ಟ್ರೋಕ್ ಬೈಕು 200 ಮೀಟರನ್ನು ಹತ್ತಿರ ಹತ್ತಿರ 8.7 ಸೆಕೆಂಡಿನಲ್ಲಿ ಮುಗಿಸಿತು. ಒಳಗಿದ್ದದ್ದು 58 ಎಂಎಂ ಬೋರಿನ (ಒಳವ್ಯಾಸದ) ಬ್ಲಾಕ್, ಅಂದರೆ ಪಿಸ್ಟನ್ ಓಡುವ ಸಿಲಿಂಡರ್, ಕಂಪನಿ ಸೈಜೇ. "ಸಿಸಿ ಇಲ್ಲದೆ ಎಂತ ಓಡ್ತದೆ ಮಾರಾಯ?" ಅಂತ ಎರಡು ವರ್ಷ ಕೇಳಿದವರೇ ಅವತ್ತು ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಲು ಹೇಳಿದರು. ಬಿಚ್ಚಿದೆ. ವರ್ನಿಯರ್ ಇಟ್ಟು ಎರಡೆರಡು ಸಲ ಅಳೆದರು.

ಮೊದಲು ನಾನೂ ಸಿಸಿ ಹಿಂದೆಯೇ ಓಡಿದವನು. 62 ಎಂಎಂ ಕಿಟ್, ಸುಮಾರು 18 ಸಾವಿರ. 50 ಎಂಎಂ ಸ್ಟ್ರೋಕಿಗೆ (ಪಿಸ್ಟನ್ ಏರಿಳಿಯುವ ದೂರ) 132 ಇದ್ದದ್ದು 151 ಸಿಸಿ ಆಗ್ತದೆ. ಆ ದಪ್ಪ ಸ್ಲೀವ್ (ಬ್ಲಾಕಿನೊಳಗಿನ ಕಬ್ಬಿಣದ ಕೊಳವೆ) ಇಳಿಯಬೇಕಾದರೆ ಕ್ರ್ಯಾಂಕ್ ಕೇಸಿನ ಬಾಯಿ ಕೊರೆಯಬೇಕು, ಮಂಗಳೂರಿನ ಬೈಕಂಪಾಡಿಯಲ್ಲಿ ಕೊರೆಸಿದೆ. ಟ್ರಾನ್ಸ್‌ಫರ್ ಪೋರ್ಟ್ (ಕೆಳಗಿಂದ ಪೆಟ್ರೋಲ್-ಗಾಳಿ ಮೇಲೇರುವ ದಾರಿ) ಪಕ್ಕದಲ್ಲಿ ಗ್ಯಾಸ್ಕೆಟ್ ಕೂರುವ ಜಾಗ ಉಗುರಿನಷ್ಟು ತೆಳ್ಳಗೆ ಉಳಿಯಿತು. ಮೇಸ್ತ್ರಿ ಅಲ್ಲೇ ತಲೆ ಆಡಿಸಿದ್ದರು, ನಾನು ಕೇಳಲಿಲ್ಲ. ಮೂರನೇ ಓಟಕ್ಕೆ ಅಲ್ಲಿಂದಲೇ ಗಾಳಿ ಎಳೆದು, ಮಿಕ್ಸ್ಚರ್ ಲೀನ್ ಆಗಿ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಹಿಡಿದು ನಿಂತಿತು. ಎಕ್ಸಾಸ್ಟ್ (ಹೊಗೆ ಹೋಗುವ) ಕಡೆಗೆ ಸ್ಲೀವಿನ ಮೇಲೆ ಅಲ್ಯೂಮಿನಿಯಂ ಬೆಣ್ಣೆ ಸವರಿದ ಹಾಗೆ ಮೆತ್ತಿಕೊಂಡಿತ್ತು. ಪಿಸ್ಟನ್, ರಾಡ್, ಬೇರಿಂಗ್ ಸೇರಿ ಮತ್ತೆ ಏಳೆಂಟು ಸಾವಿರ ಹೋಯಿತು.

ಸೀಜ್ ಆಗುವ ಮೊದಲೂ ಅದು ಮೇಲೆ ಎಳೆಯುತ್ತಿರಲಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆದದ್ದು. ಕೆಳಗೆ ಒಳ್ಳೆ ಜಗ್ಗು, ಮೂರನೇ ಗೇರಿಗೆ ಸುಸ್ತು. ಬೋರ್ ದೊಡ್ಡದು, ಪೋರ್ಟ್ ಮಾತ್ರ 58ರದ್ದೇ. 151 ಸಿಸಿ ಅದೇ ಸಣ್ಣ ಮೂಗಿನಲ್ಲಿ ಉಸಿರಾಡಬೇಕಿತ್ತು.

ಎರಡನೆಯದು ಹೊರಗಿನ ಕಂಪನಿಯ ಹೊಸ 58 ಎಂಎಂ ಬ್ಲಾಕ್, ಮೂರೂವರೆ ಸಾವಿರ. ಪೇಂಟ್ ಚೆಂದ ಇತ್ತು. ಟಾರ್ಚ್ ಹಾಕಿ ನೋಡಿದರೆ ಎಡದ ಟ್ರಾನ್ಸ್‌ಫರ್ ಬಲದ್ದಕ್ಕಿಂತ ಒಂದೂವರೆ ಎಂಎಂ ಎತ್ತರ. ಎರಕದಲ್ಲೇ ಕೋರ್ (ಒಳಗಿನ ಅಚ್ಚು) ಸರಿದದ್ದು. ಹಾಗಾದರೆ ಎರಡು ಕಡೆಯ ಚಾರ್ಜ್ (ಪೆಟ್ರೋಲ್-ಗಾಳಿ ಮಿಶ್ರಣ) ಮಧ್ಯದಲ್ಲಿ ಸೇರುವುದಿಲ್ಲ, ಹಸಿ ಪೆಟ್ರೋಲ್ ಸೀದಾ ಸೈಲೆನ್ಸರಿಗೆ ಹೋಗ್ತದೆ. ಫೈಲ್ ಹಿಡಿದು ಸರಿಮಾಡಲು ಹೋಗಿ ಅದನ್ನೂ ಕೆಡಿಸಿದೆ. ಈಗ ಬ್ಲಾಕ್ ಕೊಳ್ಳುವಾಗ ಟಾರ್ಚ್ ಮತ್ತು ಹಳೆ ಪಿಸ್ಟನ್ ರಿಂಗ್ ಕಿಸೆಯಲ್ಲೇ ಇರ್ತದೆ. ರಿಂಗನ್ನು ಒಳಗೆ ಸಮ ಮಾಡಿ ತಳ್ಳಿದರೆ ಪೋರ್ಟಿನ ಓರೆ ಅಲ್ಲೇ ಕಾಣ್ತದೆ.

ಕೊನೆಗೆ ಗೆಲ್ಲಿಸಿದ್ದು ಗುಜರಿಯಲ್ಲಿ 2,200ಕ್ಕೆ ಸಿಕ್ಕಿದ ಹಳೆ ಒರಿಜಿನಲ್ ಬ್ಲಾಕ್. ಫಿನ್ ಎರಡು ಮುರಿದಿತ್ತು, ಎರಕ ಮಾತ್ರ ಗಟ್ಟಿ. ಹೊಸ ಸ್ಲೀವ್ ಹೊಡೆಸಿ ಸ್ಟ್ಯಾಂಡರ್ಡಿಗೇ ತಂದೆ. ಎಕ್ಸಾಸ್ಟ್ ಪೋರ್ಟಿನ ಅಗಲ ಬೋರಿನ ಮೂರನೇ ಎರಡರಷ್ಟು, ಅಂದರೆ 39 ಎಂಎಂ ಆಸುಪಾಸು. ಅದಕ್ಕಿಂತ ಅಗಲ ಮಾಡಿದ ಇನ್ನೊಂದರಲ್ಲಿ ರಿಂಗ್ ಸಿಕ್ಕಿ ಮುರಿದು, ಅದರ ಅಚ್ಚು ಪಿಸ್ಟನ್ ತಲೆಯಲ್ಲಿ ಇನ್ನೂ ಉಂಟು. ಅಂಚುಗಳನ್ನು ಬೆರಳಿಗೆ ತಾಗದಷ್ಟು ನಯ ಮಾಡಿದೆ. ಬೆಸುಗೆ ತಂತಿ ಇಟ್ಟು ಅಳೆದಾಗ ಸ್ಕ್ವಿಶ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಅಂಚಿಗೆ ಉಳಿಯುವ ಸಂದು, 0.9 ಎಂಎಂ. ಎಕ್ಸಾಸ್ಟ್ ಎಷ್ಟು ಏರಿಸಿದೆ, ಮೇಲಂಚಿಗೆ ಯಾವ ಆಕಾರ ಕೊಟ್ಟೆ ಅನ್ನುವುದು ನನ್ನಲ್ಲೇ ಇರಲಿ. ಅದಕ್ಕೆ ನಾಲ್ಕು ಬ್ಲಾಕ್ ಬಲಿಯಾಗಿವೆ.

ನಡುವೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಬದಲು ಹರಳೆಣ್ಣೆಯನ್ನೂ ಹಾಕಿ ನೋಡಿದೆ, ಗಾಣದ್ದು. ವಾಸನೆಗೇ ಜನ ಸೇರುತ್ತಿದ್ದರು. ಆದರೆ ಬಾಟಲಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತಿತ್ತು, ರಿಂಗ್ ಗ್ರೂವ್ ಗೋಂದು ಹಿಡಿಯಿತು. ಮತ್ತೆ ಸಿಂಥೆಟಿಕ್ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲಿಗೇ ಬಂದೆ.

ರಾಜ್‌ದೂತ್ 350 ಇರುವ ಕುಂದಾಪುರದ ಗೆಳೆಯನಿಗೆ ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಓಡಿಸುವ ಯಮಹಾ ಬ್ಯಾನ್ಶೀ ಅನ್ನುವ ಎಟಿವಿಯ (ನಾಲ್ಕು ಚಕ್ರದ ಬೈಕಿನ) ಸಿಲಿಂಡರ್ ತರಿಸುವ ಆಸೆ. ಎರಡಕ್ಕೂ ಬೋರ್-ಸ್ಟ್ರೋಕ್ 64×54 ಎಂಎಂ, ಎರಡು ಸಿಲಿಂಡರ್ ಸೇರಿ 347 ಸಿಸಿ, ನಿಜ. ಆದರೆ ಬ್ಯಾನ್ಶೀ ವಾಟರ್ ಕೂಲ್ಡ್, ರಾಜ್‌ದೂತ್ ಗಾಳಿಯಲ್ಲಿ ತಣಿಯುವುದು. ಅಳತೆ ಒಂದೇ ಅಂತ ದುಡ್ಡು ಕಳಿಸಬೇಡ ಅಂದಿದ್ದೇನೆ.

ಮಳೆಗಾಲ ಬಂತು. ನಮ್ಮ ಕಡಲ ಗಾಳಿಗೆ ಹೊಸ ಸ್ಲೀವ್ ವಾರದಲ್ಲೇ ಕೆಂಪಾಗ್ತದೆ. ಪ್ಲಗ್ ತೂತಿನಿಂದ ನಾಲ್ಕು ಹನಿ 2ಟಿ ಬಿಟ್ಟು, ಕಿಕ್ ನಿಧಾನ ತಿರುಗಿಸಿ, ಎಕ್ಸಾಸ್ಟ್ ಬಾಯಿಗೆ ಬಟ್ಟೆ ತುರುಕಿ ಇಟ್ಟಿದ್ದೇನೆ.