ಕಂಡಕ್ಟರ್ ಅಜ್ಜನ ತಲೆಲೆಕ್ಕ

ಉಡುಪಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಓದುವಾಗ ಒಂದು ಪಾಠ ಬಾಯಿಪಾಠ ಮಾಡಿದ್ದೆ. ಅಮೆರಿಕದಲ್ಲಿ ಸುಝೇನ್ ರೈಕಾರ್ಡ್ ಮತ್ತು ಜೊತೆಯವರು 87 ಗಂಡಸರನ್ನು ಮಾತಾಡಿಸಿ, 1962ರಲ್ಲಿ ಮುಪ್ಪಿಗೆ ಹೊಂದಿಕೊಳ್ಳುವವರಲ್ಲಿ ಐದು ಬಗೆ ಗುರುತಿಸಿದ್ದರು. ಮಾಗಿದವರು, ಹೊಣೆ ಇಳಿಸಿ ಹಾಯಾಗಿ ಕೂರುವ ಆರಾಮ ಕುರ್ಚಿಯವರು, ಸದಾ ಏನಾದರೂ ಮಾಡುತ್ತಾ ಮುಪ್ಪಿನ ಭಯ ತಡೆಯುವ ಕವಚ ತೊಟ್ಟವರು. ಈ ಮೂರು ಬಗೆಯವರು ಹೇಗೋ ಹೊಂದಿಕೊಳ್ಳುತ್ತಾರೆ. ಊರ ಮೇಲೆಲ್ಲ ಸಿಟ್ಟು ಮಾಡುವವರು, ತಮ್ಮನ್ನೇ ಹಳಿದುಕೊಳ್ಳುವವರು ಒದ್ದಾಡುತ್ತಾರೆ. (ಹೆಂಗಸರನ್ನು ಕೇಳಿಯೇ ಇಲ್ಲ! ನಮ್ಮಲ್ಲಿರುವುದು ಅಜ್ಜಿಯರೇ ಜಾಸ್ತಿ.)

ಪರೀಕ್ಷೆ ಮುಗಿದ ಮೇಲೆ ಅದು ಮರೆತೇಹೋಗಿತ್ತು, ಕಂಡಕ್ಟರ್ ಅಜ್ಜ ಬರುವ ತನಕ.

ಕಾರ್ಕಳ ಲೈನಿನ ಬಸ್ಸಿನಲ್ಲಿ ಮೂವತ್ತು ವರ್ಷ ದುಡಿದವರು. ಕಾಲು ನಡುಗುತ್ತಿತ್ತು. ಆದರೂ ಯಾರೂ ಕೈ ಹಿಡಿಯಬಾರದು, ಬಟ್ಟೆ ತಾವೇ ಒಗೆಯಬೇಕು. ಎರಡು ಸಲ ಬಚ್ಚಲಲ್ಲಿ ಜಾರಿದರು. ನಾನು ಹೆದರಿ ಬಕೆಟ್ ಎತ್ತಿಡಿಸಿದೆ, ಆಯಾ ಇಲ್ಲದೆ ಏಳಬಾರದು ಅಂದೆ. ನಾಲ್ಕೇ ದಿನದಲ್ಲಿ ಅಜ್ಜ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಗಂಜಿ ಬೇಡ, ಮಾತು ಬೇಡ.

ಆಗ ಹಳೇ ಪಾಠ ನೆನಪಾಯಿತು. ಕವಚದವರಿಗೆ ಕೆಲಸವೇ ಕವಚ. ಕೈ ಖಾಲಿಯಾದರೆ ಪರಾಧೀನರಾಗುವ ಭಯ ಒಳಗೆ ನುಗ್ಗುತ್ತದೆ. ನಾನು ಕಿತ್ತುಕೊಂಡದ್ದು ಬಕೆಟ್ ಮಾತ್ರ ಅಲ್ಲ.

ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಕೂತು ಸ್ನಾನ ಮಾಡಲು ಕುರ್ಚಿ ಇಟ್ಟೆವು. ಆಯಾ ಬಾಗಿಲ ಹೊರಗೆ ನಿಲ್ಲುವುದು, ಕರೆದರೆ ಮಾತ್ರ ಒಳಗೆ. ಮಂಚದಿಂದ ಥಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ತಿರುಗುತ್ತದೆ, ಎರಡು ನಿಮಿಷ ಅಂಚಿನಲ್ಲಿ ಕೂತಿರಿ ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವುದು ಅಲ್ವಾ ಅಜ್ಜ?" ಅಂದೆ. ನಕ್ಕರು. ಕೂತರು. ಬೆಳಿಗ್ಗೆ ಗಂಜಿ ಹೊತ್ತಿಗೆ ತಲೆ ಎಣಿಸುವ ಕೆಲಸವೂ ಅವರಿಗೇ ಹೋಯಿತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತಿದ್ದರು.

ಹಾಗಂತ ಎಲ್ಲದಕ್ಕೂ ಸ್ವಭಾವವೇ ಕಾರಣ ಅಲ್ಲ. ಸದಾ ಕಿಟಕಿ ಪಕ್ಕ ಹೂ ಕಟ್ಟುತ್ತಾ ಕೂರುವ ಒಬ್ಬರು ಅಜ್ಜಿ ಒಂದು ರಾತ್ರಿ ತುಳುವಿನಲ್ಲಿ ಎಲ್ಲರನ್ನೂ ಬೈಯತೊಡಗಿದರು. ನನ್ನ ಗುರುತೂ ಸಿಗಲಿಲ್ಲ. "ಇವರೂ ಸಿಟ್ಟಿನವರೇ ಸಿಸ್ಟರ್" ಅಂದಳು ಆಯಾ. ಒಂದೇ ರಾತ್ರಿಯಲ್ಲಿ ಯಾರ ಸ್ವಭಾವವೂ ಬದಲಾಗುವುದಿಲ್ಲ. ಆಸ್ಪತ್ರೆಗೆ ಕಳಿಸಿದೆವು. ಮೂತ್ರದ ಸೋಂಕು. ವಯಸ್ಸಾದವರಲ್ಲಿ ಜ್ವರ ಕಾಣದೆಯೂ ಸೋಂಕು ಹೀಗೆ ಬುದ್ಧಿ ಕದಡಬಹುದು.

ಡ್ಯೂಟಿ ಬದಲಾಗುವಾಗ ಬರೆಯುವ ಪುಸ್ತಕದಲ್ಲಿ ನಾನೀಗ 'ಹಟಮಾರಿ', 'ಸಿಟ್ಟಿನವರು' ಅಂತ ಬರೆಯುವುದಿಲ್ಲ. ಏನು ಬೇಡ ಅಂದರು, ಹೇಗೆ ಹೇಳಿದಾಗ ಒಪ್ಪಿದರು, ನಿನ್ನೆಗಿಂತ ಏನು ಬೇರೆ, ಅಷ್ಟೇ.

ಅಜ್ಜಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಕಂಡಕ್ಟರ್ ಅಜ್ಜ ಪ್ರತಿ ಬೆಳಿಗ್ಗೆ "ಒಂದು ಸೀಟು ಖಾಲಿ ಸಿಸ್ಟರ್" ಅನ್ನುತ್ತಿದ್ದರು. ವಾಪಸ್ ಬಂದ ದಿನ ಎಣಿಸಲೇ ಇಲ್ಲ. ಅಜ್ಜಿಯ ಕುರ್ಚಿಯನ್ನು ಕಿಟಕಿ ಕಡೆ ಎಳೆದು ಹಾಕಿ, "ರೈಟ್" ಅಂದರು.