ನೆಲಬಾಂಬ್ ಹುಡುಕುವ ಇಲಿಯ ಪಾಠ, ನಿಮ್ಮ ಮನೆ ನಾಯಿಗೆ

ಪುಣೆಯ ಕೋಥ್ರೂಡ್‌ನಲ್ಲಿ ಶನಿವಾರ, ಭಾನುವಾರ ಸಾಕುನಾಯಿಗಳಿಗೆ ಪಾಠ ಹೇಳುತ್ತೇನೆ. ಬರುವವರಲ್ಲಿ ನಮ್ಮ ಕಡೆಯವರೂ ಸುಮಾರು ಜನ, ಹುಬ್ಬಳ್ಳಿ, ಬೆಳಗಾವಿಯಿಂದ ಹಿಂಜವಡಿಯ ಕಂಪನಿಗಳಿಗೆ ಬಂದವರು. ಎಲ್ಲರದ್ದೂ ಒಂದೇ ದೂರು: "ಮೇಡಂ, ಇಡೀ ದಿನ ಬೊಗಳುತ್ತದೆ, ಸೋಫಾ ಹರಿಯುತ್ತದೆ." ನಾಯಿಗೆ ಕೆಲಸ ಇಲ್ಲ, ಅಷ್ಟೇ. ಮೂಗಿಗೊಂದು ಕೆಲಸ ಕೊಡಿ. ಹೇಗೆ ಕೊಡಬೇಕು ಎಂಬುದನ್ನು ನಾನು ತಾಂಜಾನಿಯಾದ ಇಲಿಗಳಿಂದ ಎತ್ತಿಕೊಂಡಿದ್ದೇನೆ.

ಇಲಿ ಅಂದರೆ ಅಡುಗೆಮನೆಯ ಚುಂಡಿಲಿ ಅಲ್ಲ. ಕೆನ್ನೆಯಲ್ಲಿ ಚೀಲ ಇರುವ ಆಫ್ರಿಕಾದ ದೊಡ್ಡ ಇಲಿ, ಒಂದು ಕಿಲೋ ಆಸುಪಾಸು ತೂಗುತ್ತದೆ. ಬೆಲ್ಜಿಯಂನ ಬಾರ್ಟ್ ವೀಟ್ಜೆನ್ಸ್ ಕಟ್ಟಿದ ಅಪೋಪೋ ಸಂಸ್ಥೆ ಮೊರೊಗೊರೊ ಊರಿನಲ್ಲಿ ಇವಕ್ಕೆ ಬಾಂಬಿನೊಳಗಿನ ಸ್ಫೋಟಕವಾದ ಟಿಎನ್‌ಟಿಯ ವಾಸನೆ ಹಿಡಿಯಲು ಕಲಿಸುತ್ತದೆ. ಮೇಲೆ ನಡೆದಾಡಿದರೂ ಬಾಂಬ್ ಸಿಡಿಯದಷ್ಟು ಹಗುರ. ಮೆಟಲ್ ಡಿಟೆಕ್ಟರ್ ಹಿಡಿದ ಮನುಷ್ಯ ಹಳೇ ಮೊಳೆಗೂ ನಿಂತು ಅಗೆಯಬೇಕು. ಇಲಿಗೆ ಕಬ್ಬಿಣದ ಗೊಡವೆಯೇ ಇಲ್ಲ. ಟೆನಿಸ್ ಕೋರ್ಟಿನಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ಮೂಸಿ ಮುಗಿಸುತ್ತದೆ. ಮನುಷ್ಯನಿಗೆ ನಾಲ್ಕು ದಿನವೂ ಹಿಡಿಯಬಹುದು. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿ ಚಿಕಿತ್ಸೆಯ ಸೇವಾಸಂಸ್ಥೆ ಪಿಡಿಎಸ್‌ಎ ಚಿನ್ನದ ಪದಕವನ್ನೇ ಕೊಟ್ಟಿತು.

ಮೊದಲ ಪಾಠ ವಾಸನೆಯದ್ದಲ್ಲ, ಸದ್ದಿನದ್ದು. ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ಮರಿಗಳಿಗೆ ಮನುಷ್ಯರ ಕೈ ರೂಢಿ ಮಾಡಿಸುತ್ತಾರೆ. ಆಮೇಲೆ ಕ್ಲಿಕರ್, ಅಂದರೆ ಒತ್ತಿದರೆ ಟಿಕ್ ಅನ್ನುವ ಪುಟ್ಟ ಸಾಧನ. ಟಿಕ್ ಅಂದರೆ ಬಾಳೆಹಣ್ಣು, ಟಿಕ್ ಅಂದರೆ ಶೇಂಗಾ. ನೀವೂ ಹಾಗೇ ಮಾಡಿ. ಕ್ಲಿಕರ್ ಇಲ್ಲದಿದ್ದರೆ ಒತ್ತುವ ಬಾಲ್‌ಪೆನ್ ಸಾಕು. ಊಟಕ್ಕೆ ಮುಂಚೆ, ಹೊಟ್ಟೆ ಸ್ವಲ್ಪ ಖಾಲಿ ಇದ್ದಾಗ, ಟಿಕ್ ಅನ್ನಿಸಿ ಒಂದು ಚೂರು ಬೇಯಿಸಿದ ಚಿಕನ್ ಅಥವಾ ಪನೀರ್ ಕೊಡಿ. ಸದ್ದು ಕೇಳಿದ ಕೂಡಲೇ ನಾಯಿ ನಿಮ್ಮ ಕೈ ನೋಡಿತು ಅಂದರೆ ಪಾಠ ಹತ್ತಿದೆ. "ಶಾಬಾಸ್" ಅಂದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ದಿನವಿಡೀ ನಾವು ಏನೇನೋ ಮಾತಾಡುತ್ತಿರುತ್ತೇವೆ. ಟಿಕ್ ಬರುವುದು ಸರಿಯಾದ ಆ ಒಂದು ಕ್ಷಣಕ್ಕೆ ಮಾತ್ರ.

ಇನ್ನು ವಾಸನೆ. ಇಲಿಗಳಿಗೆ ಚಹಾ ಸೊಪ್ಪು ಹಾಕುವ ತೂತಿನ ಸ್ಟೀಲ್ ಗುಂಡಿನಲ್ಲಿ ಟಿಎನ್‌ಟಿ ಇಟ್ಟು ಕಲಿಸುತ್ತಾರೆ. ನಮಗೆ ಲವಂಗ ಸಾಕು. ಸಣ್ಣ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ನಾಲ್ಕೈದು ಲವಂಗ ಹಾಕಿ, ತೆರೆಯದಂತೆ ಟೇಪ್ ಸುತ್ತಿ. ಲವಂಗ ನಾಯಿಯ ಬಾಯಿಗೆ ಹೋಗಬಾರದು. ದೇವರ ಮನೆಯ ಕರ್ಪೂರವಂತೂ ಬೇಡವೇ ಬೇಡ, ಅದು ನಾಯಿಗೆ ವಿಷ. ಡಬ್ಬಿಗೆ ಮೂಗು ತಾಗಿದ ತಕ್ಷಣ ಟಿಕ್, ತಿಂಡಿ. ಮೂಗು ಅಲ್ಲೇ ನಿಲ್ಲುವ ಹೊತ್ತನ್ನು ನಿಧಾನಕ್ಕೆ ಜಾಸ್ತಿ ಮಾಡಿ.

ಆಮೇಲೆ ಅಂಥವೇ ಖಾಲಿ ಡಬ್ಬಿಗಳನ್ನು ಸಾಲಾಗಿ ಇಡಿ. ಖಾಲಿ ಡಬ್ಬಿಗಳಿಗೂ ತೂತು, ಟೇಪ್ ಇರಲಿ. ಎಲ್ಲವನ್ನೂ ನಿಮ್ಮದೇ ಕೈಯಿಂದ ಚೆನ್ನಾಗಿ ಮುಟ್ಟಿ. ಇಲ್ಲದಿದ್ದರೆ ನಾಯಿ ಲವಂಗ ಬಿಟ್ಟು ನಿಮ್ಮ ಕೈ ವಾಸನೆ ಹುಡುಕುವುದನ್ನು ಕಲಿಯುತ್ತದೆ.

ಸಿಕ್ಕಿದ್ದನ್ನು ನಿಮಗೆ ಹೇಳುವ ರೀತಿಯನ್ನೂ ಈಗಲೇ ಗಟ್ಟಿ ಮಾಡಿ. ಇಲಿ ನೆಲ ಕೆರೆಯುತ್ತದೆ. ಬಾಂಬ್ ಹುಡುಕುವ ನಾಯಿ ಕೆರೆಯುವಂತಿಲ್ಲ, ತೂಕ ಜಾಸ್ತಿ. ಅದಕ್ಕೆ ಸುಮ್ನೆ ಕೂರಲು ಕಲಿಸುತ್ತಾರೆ. ನಿಮ್ಮದೂ ಕೂರಲಿ. ಸೋಫಾ ಉಳಿಯುತ್ತದೆ.

ಶೇಂಗಾ ಎಂಬ ಹೆಸರಿನ ನನ್ನ ಬೀದಿನಾಯಿ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹುಡುಕುವುದನ್ನು ನೋಡಬೇಕು. ಸ್ಕೂಟರ್ ಸಾಲಿನ ಪಕ್ಕ ಓಡುತ್ತಾ ಓಡುತ್ತಾ ಮೈ ಮುಂದೆ ಹೋಗುತ್ತದೆ, ಕತ್ತು ಮಾತ್ರ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಬಾಯಿ ಮುಚ್ಚುತ್ತದೆ, ತೇಕುವುದು ನಿಲ್ಲುತ್ತದೆ, ಉಸಿರು ಚುಟುಕಾಗುತ್ತದೆ. ವಾಸನೆ ಸಿಕ್ಕಿದ್ದು ಆಗ. ಕೂರುವುದು ಆಮೇಲೆ. ಡಬ್ಬಿ ಇರುವ ಕಡೆಯೇ ವಾಸನೆ ಇರುತ್ತದೆ ಅಂತೇನಿಲ್ಲ. ಮೂರನೇ ಮಹಡಿಯ ಒಗ್ಗರಣೆ ಐದನೇ ಮಹಡಿಯಲ್ಲಿ ಮೂಗಿಗೆ ಬಡಿಯುತ್ತದೆ ಅಲ್ವಾ, ಹಾಗೆ. ಅದಕ್ಕೇ ಗಾಳಿ ನಾಯಿಯ ಮುಖಕ್ಕೆ ಬರುವ ಕಡೆಯಿಂದ ಶುರು ಮಾಡಿ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಬೇಗ ಮುಗಿಸಿ. ಇಲಿಗಳೂ ಬಿಸಿಲೇರುವ ಮೊದಲೇ ಕೆಲಸ ಮುಗಿಸುತ್ತವೆ. ಅವುಗಳ ಕಿವಿ, ಬಾಲಕ್ಕೆ ಸನ್‌ಸ್ಕ್ರೀನ್ ಕೂಡ ಹಚ್ಚುತ್ತಾರೆ!

"ನಮ್ಮದು ಬೀದಿನಾಯಿ, ಲ್ಯಾಬ್ರಡಾರ್ ಅಲ್ಲ" ಅಂತ ಹಿಂಜರಿಯಬೇಡಿ. 1993ರ ಸ್ಫೋಟಗಳ ಹೊತ್ತಿನಲ್ಲಿ ಮುಂಬೈ ಪೊಲೀಸರ ಬಾಂಬ್ ಪತ್ತೆ ನಾಯಿ ಜಂಜೀರ್ ಲ್ಯಾಬ್ರಡಾರ್ ಆಗಿದ್ದ, ಹೌದು. ಆದರೆ 2016ರಲ್ಲಿ ನಮ್ಮ ಮುಧೋಳದ ಮರಿಗಳನ್ನೂ ಸೇನೆ ಮೀರತ್‌ಗೆ ತರಬೇತಿಗೆ ಒಯ್ದಿದೆ.

ಈಗ ಬಹಳ ಜನ ಎಡವುವ ಜಾಗ. ಡಬ್ಬಿ ಎಲ್ಲಿದೆ ಅಂತ ನಿಮಗೆ ಗೊತ್ತಿದ್ದರೆ ನಾಯಿ ಲವಂಗ ಹುಡುಕುವುದಿಲ್ಲ, ನಿಮ್ಮನ್ನು ಓದುತ್ತದೆ. ಡಬ್ಬಿ ಹತ್ತಿರ ಬಂದಾಗ ನಿಮ್ಮ ಹೆಜ್ಜೆ ನಿಧಾನವಾಗುತ್ತದೆ, ಬೆಲ್ಟ್ ಹಿಡಿದ ಕೈ ಸಡಿಲವಾಗುತ್ತದೆ. ಬರ್ಲಿನ್‌ನ ಹಾನ್ಸ್ ಎಂಬ ಕುದುರೆ ಲೆಕ್ಕ ಬಿಡಿಸುತ್ತದೆ ಅಂತ ಜನ ನಂಬಿದ್ದರು. ಕೇಳುವವರ ಮುಖ, ಮೈ ನೋಡಿ ಗೊರಸು ಕುಟ್ಟುವುದನ್ನು ನಿಲ್ಲಿಸುತ್ತಿತ್ತು ಅಂತ 1907ರಲ್ಲಿ ಗೊತ್ತಾಯಿತು. ಇಲಿಗಳ ಪರೀಕ್ಷೆಯಲ್ಲೂ ಬಾಂಬ್ ಎಲ್ಲಿ ಹೂತಿದ್ದಾರೆ ಅಂತ ಹಗ್ಗ ಹಿಡಿದವರಿಗೆ ತಿಳಿಸುವುದಿಲ್ಲ. ಹಾಗಾಗಿ ಡಬ್ಬಿಯನ್ನು ಮನೆಯ ಇನ್ನೊಬ್ಬರು ಅಡಗಿಸಲಿ. ಅವರು ನಾಯಿಗೆ ಕಾಣದಂತೆ ಬಾಗಿಲ ಹಿಂದೆ ನಿಲ್ಲಲಿ. ನಾಯಿ ಕೂತಾಗ ನೀವು "ಇಲ್ಲೇ" ಅನ್ನಿ. ಅವರು "ಹೌದು" ಅಂದರೆ ಮಾತ್ರ ಟಿಕ್. ಸುಳ್ಳಿಗೆ ಒಮ್ಮೆ ತಿಂಡಿ ಸಿಕ್ಕಿದರೂ ನಾಯಿ ಕಂಡಕಂಡಲ್ಲಿ ಕೂರಲು ಶುರು ಮಾಡುತ್ತದೆ. ಆಗಾಗ ಡಬ್ಬಿಯನ್ನೇ ಇಡದೆ ಹುಡುಕಿಸಿ. ಏನೂ ಇಲ್ಲದ ಕಡೆ ಕೂರದೇ ವಾಪಸ್ ಬರುವುದನ್ನೂ ಅದು ಕಲಿಯಬೇಕು.

ನಿಜವಾದ ಬಾಂಬ್ ಮೈದಾನದಲ್ಲಿ ಇದೇ ತೊಡಕು ದೊಡ್ಡದಾಗುತ್ತದೆ. ಇಲಿ ಕೆರೆದಾಗ ಅದು ಸರಿಯೋ ತಪ್ಪೋ ಯಾರಿಗೂ ಗೊತ್ತಿಲ್ಲ, ಬಾಳೆಹಣ್ಣು ಕೊಡುವುದು ಹೇಗೆ? ಅದಕ್ಕೆ ಅಲ್ಲಿ ತಿಂಡಿ ಕೊಡುವುದಿಲ್ಲ. ಜಾಗ ಗೊತ್ತಿರುವ ಅಭ್ಯಾಸದ ಮೈದಾನದಲ್ಲಿ ಓಡಿಸಿ, ಅಲ್ಲಿ ಸಂಬಳ ಚುಕ್ತಾ ಮಾಡುತ್ತಾರೆ. ಒಂದು ಇಲಿ ಕೆಲಸಕ್ಕೆ ತಯಾರಾಗಲು ಸುಮಾರು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ನಿಮ್ಮ ನಾಯಿಗೆ ಅಷ್ಟೆಲ್ಲ ಬೇಡ. ದಿನಕ್ಕೆ ಹತ್ತು ನಿಮಿಷ ಸಾಕು. ಅದಕ್ಕೆ ಇನ್ನೂ ಆಡಬೇಕು ಅನ್ನಿಸುವಾಗಲೇ ಡಬ್ಬಿ ಎತ್ತಿಡಿ.

ಲವಂಗ ಪಕ್ಕಾ ಆದ ಮೇಲೆ ಸ್ಕೂಟರ್ ಕೀಗೆ ಚರ್ಮದ ಪಟ್ಟಿ ಕಟ್ಟಿ, ಅದರ ವಾಸನೆಯನ್ನು ಮೊದಲ ಮೆಟ್ಟಿಲಿಂದ ಕಲಿಸಿ. ಮಳೆಗಾಲದಲ್ಲಿ ಪಾರ್ಕಿಂಗ್‌ಗೆ ನೀರು ನುಗ್ಗಿದಾಗ ಮನೆಯೊಳಗೆ ಆಡಲು ಇದೇ ಚೆನ್ನ.